ಕೋಣೆಯಲ್ಲಿ ಆಡಿದ ಮಾತು

ಜೂನ್ ೬

ಪ್ರೀತಿಯ ಅಣ್ಣ,

ಊರು ಬಿಟ್ಟು ಬಂದ ಮೇಲೆ ಒಂದು ನೆಟ್ಟನೆಯ ಪತ್ರ ಬರೆದಿಲ್ಲ ಎಂದು ಅಪ್ಪ ಮುನಿಸಿಕೊಂಡಿದ್ದಾರೆ ಎಂದೆಯಲ್ಲ, ಇದೋ ಬರೆಯುತ್ತಿದ್ದೇನೆ. ಫೋನಿನಲ್ಲಿ ಎಷ್ಟು ಹರಟಿದರೂ ಅವರಿಗೆ ಸಮಾಧಾನವಿಲ್ಲ. "ಫೋನಿನ ಮಾತು ಗಾಳಿಗೆ ಹೋಯ್ತು, ಬರೆದು ಕಳಿಸು" ಎನ್ನುತ್ತಾರೆ. ಜೀವಮಾನವೆಲ್ಲ ಅಂಗಡಿಗಳ ಬೋರ್ಡು ಬರೆದ ಮನುಷ್ಯ, ಅಕ್ಷರವಾಗದ ಮಾತನ್ನು ಅವರು ಮಾತೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಯುವುದಿಲ್ಲವಾದ್ದರಿಂದ ನೀನೇ ಓದಿ ಹೇಳಬೇಕು. ದಿನವಿಡೀ ಬಸ್ಸು ಓಡಿಸಿ ಬಂದವನಿಗೆ ಇದೊಂದು ಹೆಚ್ಚುವರಿ ಟ್ರಿಪ್ಪು.

ಆಸ್ಪತ್ರೆಯಲ್ಲಿ ನಮ್ಮ ವಿಭಾಗ ನೆಲಮಾಳಿಗೆಯಲ್ಲಿದೆ. ಔಷಧಿ ಉಗ್ರಾಣದ ಪಕ್ಕ ಒಂದು ಉದ್ದನೆಯ ಇಕ್ಕಟ್ಟು ಕೋಣೆ, ಒಂದು ಬೆಂಚು, ಒಂದು ಫೋನು. ಬಂದರಿನ ಕೆಲಸಕ್ಕೆಂದು ಕಡಲಾಚೆಯಿಂದ ಬಂದು ನೆಲೆಸಿದ ಸಂಸಾರಗಳು ಇಲ್ಲಿ ಬಹಳ. ಅವರಲ್ಲಿ ಯಾರಿಗಾದರೂ ಕಾಯಿಲೆಯಾದರೆ ವಾರ್ಡಿನಿಂದ ಫೋನು ಬರುತ್ತದೆ, ನಮ್ಮಲ್ಲಿ ಒಬ್ಬರು ಓಡುತ್ತೇವೆ. ಡಾಕ್ಟರ ಮಾತನ್ನು ಅವರ ಭಾಷೆಯಲ್ಲಿ, ಅವರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವುದು ನಮ್ಮ ಕೆಲಸ. ಕಾಲೇಜಿನಲ್ಲಿ ಹಟಕ್ಕೆ ಬಿದ್ದು ಕಲಿತ ಭಾಷೆ ಅಂತೂ ಅನ್ನಕ್ಕೆ ದಾರಿಯಾಯಿತು.

ಇಲ್ಲಿನ ಹಿರಿಯ ದುಭಾಷಿಯನ್ನು ಎಲ್ಲರೂ ಗಿಣಿ ಮೇಷ್ಟ್ರು ಎನ್ನುತ್ತಾರೆ. ಹೊಸಬರಿಗೆ ಕಲಿಸುವುದರಿಂದ ಮೇಷ್ಟ್ರು. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದರಿಂದ ಗಿಣಿ. ನರ್ಸುಗಳು ಗೇಲಿಗೆಂದು ಇಟ್ಟ ಹೆಸರು, ಆದರೆ ಅವರಿಗೆ ಅದು ಬಿರುದು. "ಗಿಣಿ ಹಣ್ಣು ಕದೀಬಹುದಮ್ಮ, ಮಾತು ಕದಿಯಲ್ಲ" ಎನ್ನುತ್ತಾರೆ. ಬಡಕಲು ಮನುಷ್ಯ. ಮೂಗು ಕೂಡ ಸ್ವಲ್ಪ ಹಾಗೇ ಇದೆ, ಪಾಪ.

ಮೊದಲ ದಿನವೇ ನನಗೆ ಹೇಳಿದ್ದು ಇಷ್ಟು: "ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲಿರೋ ಎಲ್ಲರದೂ. ನಮಗೆ ಆರಿಸೋ ಹಕ್ಕಿಲ್ಲ." ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಏನು ಕಷ್ಟ! ಅದರ ಅರ್ಥ ತಿಳಿದದ್ದು ಮೊನ್ನೆ.

ಬಲೆ ಹೆಣೆಯುವ ಒಬ್ಬ ಅಜ್ಜಿ. ಕಾಲಿನ ಹುಣ್ಣು ಕೊಳೆತು ಮೇಲೇರಿತ್ತು. ಮಂಡಿಯ ಕೆಳಗೆ ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಮೇಷ್ಟ್ರು ಇನ್ನೂ ಬಾಯಿ ತೆರೆದಿರಲಿಲ್ಲ, ಅಜ್ಜಿಯ ಮಗ ಅಡ್ಡ ಬಂದ. ಬಂದರಿನ ಕ್ರೇನಿನಲ್ಲಿ ಕೆಲಸ ಮಾಡುವ ಗಟ್ಟಿ ಆಳು, ನಮ್ಮ ಭಾಷೆ ಅವನಿಗೆ ಅಷ್ಟಿಷ್ಟು ಬರುತ್ತದೆ. ತಾಯಿಗೆ ತಿಳಿಯದಿರಲೆಂದು ನಮ್ಮ ಭಾಷೆಯಲ್ಲೇ ಹೇಳಿದ: "ಅವಳಿಗೆ ಹೇಳಬೇಡ. ಗಾಯ ತೊಳೀತಾರೆ ಅಂತ ಹೇಳು. ಕಾಲು ಹೋದ ಮೇಲೆ ನಾನು ಹೇಳುತ್ತೆ." ಕಣ್ಣಲ್ಲಿ ನೀರು ತುಂಬಿತ್ತು. ನಾನಾಗಿದ್ದರೆ ಆ ಕ್ಷಣವೇ ಸೋತುಬಿಡುತ್ತಿದ್ದೆ.

ಮೇಷ್ಟ್ರು ಅಜ್ಜಿಯ ಕಡೆ ತಿರುಗಿ ಡಾಕ್ಟರ ಮಾತನ್ನು ಅಕ್ಷರ ಬಿಡದೆ ಹೇಳಿದರು. ಆಮೇಲೆ ಅದೇ ದನಿಯಲ್ಲಿ ಮಗನ ಮಾತನ್ನೂ ಹೇಳಿದರು. "ಅವಳಿಗೆ ಹೇಳಬೇಡ" ಎಂಬುದನ್ನೂ.

ಅಜ್ಜಿ ಮಗನನ್ನು ನೋಡಿ ಏನೋ ಕೇಳಿದಳು. ಮೇಷ್ಟ್ರು ಡಾಕ್ಟರಿಗೆ ಅದನ್ನು ಹೇಳಿದರು: "ಕಾಲು ಯಾರದು?" ದುಭಾಷಿ ಯಾವಾಗಲೂ ಆಡಿದವರೇ ಆಗಿ ಮಾತಾಡಬೇಕು, ಅದು ನಮ್ಮ ಪದ್ಧತಿ. ಡಾಕ್ಟರು ತಮ್ಮನ್ನೇ ಕೇಳಿದರೆಂದು ಗಾಬರಿಯಾಗಿ "ನಿಮ್ಮದೇ" ಎಂದುಬಿಟ್ಟರು. ಅದನ್ನೂ ಮೇಷ್ಟ್ರು ದಾಟಿಸಿದರು. ಅಜ್ಜಿ ಹೇಳಿದಳು: "ಹಾಗಾದ್ರೆ ನನ್ನನ್ನ ಕೇಳಿ."

ಒಂದು ದಿನ ಬೇಕೆಂದಳು. ಸಂಜೆ ಗೋಡೆಗೆ ಹಾಕಿದ ಕಂಬಿ ಹಿಡಿದು, ಮಗ ಕೈ ನೀಡಿದರೆ ತಳ್ಳಿ, ವರಾಂಡದ ಈ ತುದಿಯಿಂದ ಆ ತುದಿಗೆ ತನ್ನ ಎರಡೂ ಕಾಲಿನಲ್ಲಿ ನಡೆದಳು. ಮರುದಿನ ಆಪರೇಷನ್ನಿಗೆ ಒಪ್ಪಿಕೊಂಡಳು.

ಅಪ್ಪನಿಗೆ ಈ ಕಥೆ ಹೇಳು. ಕಣ್ಣಿನ ಡಾಕ್ಟರು ಏನಂದರು, ಬರೆ.

ನಿನ್ನ ಪುಟ್ಟಿ

ಜೂನ್ ೨೧

ಪುಟ್ಟಿ,

ಪತ್ರ ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿದರು. "ಕಾಲು ಯಾರದು" ಎಂಬಲ್ಲಿಗೆ ಬಂದಾಗ ಬ್ರಷ್ಷು ಹಿಡಿದ ಕೈಯಿಂದಲೇ ತೊಡೆ ತಟ್ಟಿಕೊಂಡು, ಪ್ಯಾಂಟಿಗೆಲ್ಲ ಹಸಿರು ಬಣ್ಣ. ನಿನ್ನ ಅತ್ತಿಗೆ ಗಿಣಿಯನ್ನೂ ಅಪ್ಪನನ್ನೂ ಸೇರಿಸಿ ಬೈದಳು.

ನನಗೆ ಮಾತ್ರ ಆ ಮನುಷ್ಯ ಹಿಡಿಸಲಿಲ್ಲ. ನಿಯಮ ನಿಯಮ ಎಂದು ಹೆತ್ತ ತಾಯಿಯೆದುರು ಮಗನ ಮಾನ ತೆಗೆಯುವುದು ಯಾವ ಸೀಮೆಯ ನ್ಯಾಯ? ನನ್ನ ರೂಟಿನಲ್ಲೂ ನಿಯಮವಿದೆ, ಸ್ಟಾಪು ಬಿಟ್ಟು ಬೇರೆಲ್ಲೂ ನಿಲ್ಲಿಸಬಾರದು. ಆದರೆ ಬಗಲಲ್ಲಿ ಕೂಸು ಎತ್ತಿಕೊಂಡು ಒಬ್ಬಳು ಓಡಿ ಬರುತ್ತಿದ್ದರೆ ನಿಲ್ಲಿಸುತ್ತೇನೆ. ನಿನ್ನ ಗಿಣಿ ಡ್ರೈವರಾಗಿದ್ದರೆ ಅವಳಿಗೆ ಹೊಗೆಯೇ ಗತಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಅಪ್ಪನ ಹತ್ತಿರ ಹೀಗೆಂದೆ. "ಆ ಮದುವೆ ಎಷ್ಟು ದಿನ ಬಾಳುತ್ತೆ ಅಂತ ಹಿರಿಯರು ಹೇಳ್ಲಿಲ್ಲವಲ್ಲೋ" ಎಂದರು.

ಇನ್ನು ಈ ಎರಡನೆಯ ಹಾಳೆ ನಿನಗೊಬ್ಬಳಿಗೇ.

ಕಣ್ಣಿಗೆ ಹನಿ ಹಾಕಿ ಅಪ್ಪನನ್ನು ಹೊರಗೆ ಕೂರಿಸಿ ಡಾಕ್ಟರು ನನ್ನನ್ನು ಒಳಗೆ ಕರೆದರು. ಅದು ಪೊರೆಯಲ್ಲ ಪುಟ್ಟಿ. ಕಣ್ಣಿನ ನರವೇ ಒಣಗುತ್ತಿದೆ. ಹೋದ ನೋಟ ಬರುವುದಿಲ್ಲ. ಹನಿ ಹಾಕುತ್ತಿದ್ದರೆ ಉಳಿದದ್ದು ಒಂದು ವರ್ಷ ಇದ್ದೀತು, ಅದೃಷ್ಟವಿದ್ದರೆ ಇನ್ನೂ ಸ್ವಲ್ಪ. ಈಗಲೇ ಅಕ್ಕಪಕ್ಕದ್ದು ಅವರಿಗೆ ಸರಿಯಾಗಿ ಕಾಣುತ್ತಿಲ್ಲ, ನಾವು ಗಮನಿಸಿರಲಿಲ್ಲ ಅಷ್ಟೇ.

"ನಿಮ್ಮ ತಂದೆಗೆ ನಾನು ಹೇಳ್ಲಾ, ನೀವು ಹೇಳ್ತೀರಾ?" ಎಂದರು ಡಾಕ್ಟರು. ನಾನು ಹೇಳುತ್ತೇನೆ ಎಂದು ಹೊರಗೆ ಬಂದೆ. ಅಪ್ಪ ಬೆಂಚಿನ ಮೇಲೆ ಕೂತು ಎದುರಿನ ಗೋಡೆಯ ಬೋರ್ಡಿಗೆ ಮುಖ ಮಾಡಿ, "ಯಾರೋ ಬರೆದಿದ್ದು ಇದು, ಒತ್ತಕ್ಷರಕ್ಕೆ ಜಾಗ ಬಿಡೋದು ಗೊತ್ತಿಲ್ಲ" ಎಂದು ನಗುತ್ತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ. "ಪೊರೆ ಬಂದಿದೆಯಂತೆ ಅಪ್ಪ. ಇನ್ನೂ ಬಲಿಯಬೇಕಂತೆ. ಆಮೇಲೆ ಆಪರೇಷನ್."

ನೀನೂ ಹಾಗೇ ಬರೆ. ಬೇರೆ ಏನೂ ಬೇಡ. ನಿನ್ನ ಕಾಲಿಗೆ ಬೀಳುತ್ತೇನೆ ಎಂದುಕೋ.

ಅಣ್ಣ

ಜುಲೈ ೯

ಅಣ್ಣ,

ಸರಿ. ಬರೆಯುವುದಿಲ್ಲ.

ಮೇಲಿನ ಒಂದು ಸಾಲು ಬರೆದು ಅದೆಷ್ಟೋ ದಿನ ಈ ಹಾಳೆಯನ್ನು ಮಡಿಸಿ ಇಟ್ಟಿದ್ದೆ. ಈಗ ಮುಂದುವರಿಸುತ್ತಿದ್ದೇನೆ. ಮೇಲಿನದನ್ನು ಬಿಟ್ಟು ಓದು, ಬೇರೆ ದಾರಿಯಿಲ್ಲವಲ್ಲ.

ಅಪ್ಪನಿಗೆ ಹೇಳು: ಗಿಣಿ ಮೇಷ್ಟ್ರ ಮೇಲೆ ದೂರು ಬಂದಿದೆ. ಅಜ್ಜಿಯ ಮಗ ಕೊಟ್ಟದ್ದು. ತಾಯಿ ಅವನೊಡನೆ ಮಾತು ಬಿಟ್ಟಿದ್ದಾಳೆ. ಊಟದ ಡಬ್ಬಿ ತಂದರೆ ತೆಗೆದುಕೊಳ್ಳುತ್ತಾಳೆ, ಮುಖ ನೋಡುವುದಿಲ್ಲ. ವಿಚಾರಣೆ ಮುಂದಿನ ತಿಂಗಳು. ಮೇಷ್ಟ್ರು ಎಂದಿನಂತೆ ಬೆಂಚಿನ ತುದಿಯಲ್ಲಿ ಕೂತು ಪೆನ್ಸಿಲ್ ಕೆತ್ತುತ್ತಾರೆ.

ನಿನ್ನ ಬಸ್ಸಿನ ಮಾತನ್ನು ಅವರಿಗೆ ಹೇಳಿದೆ. ಕೋಪ ಬಂದೀತು ಎಂದುಕೊಂಡಿದ್ದೆ, ಅವರಿಗೆ ಖುಷಿಯಾಯಿತು.

"ಎಲ್ಲ ಡ್ರೈವರುಗಳೂ ಹಾಗೆ ನಿಲ್ಲಿಸ್ಲಿ ಅಂತ ನಿಮ್ಮಣ್ಣನಿಗೆ ಅನ್ಸುತ್ತಾ?" ಎಂದು ಕೇಳಿದರು.

"ಅನ್ಸುತ್ತೆ ಅಂದ್ಕೋತೀನಿ."

"ಕೂಸು ಎತ್ಕೊಂಡು ಓಡೋಳು ಅವರ ಹೆಂಡತಿಯಾಗಿದ್ರೂ, ಅವರಿಗೆ ಆಗದವರ ಹೆಂಡತಿಯಾಗಿದ್ರೂ?"

"ಹೌದು."

"ಮತ್ತೆ ಅದೂ ನಿಯಮಾನೇ ಅಲ್ವಾ! ಕಂಪನಿ ಪುಸ್ತಕದಲ್ಲಿ ಇಲ್ಲ, ಅಷ್ಟೇ. ನಿಮ್ಮಣ್ಣ ನಮ್ಮ ಪೈಕಿನೇ ಬಿಡಮ್ಮ."

ಆಮೇಲೆ ಅಜ್ಜಿಯ ವಿಷಯ ಕೇಳಿದೆ. ಅಷ್ಟು ಕಟುವಾಗಬೇಕಿತ್ತೇ ಎಂದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನೋಡಮ್ಮ, ನಾಳೆ ನಾನೇ ಭಾಷೆ ಬಾರದ ಊರಲ್ಲಿ ಹಾಸಿಗೆ ಹಿಡಿದಿದ್ದೀನಿ ಅನ್ಕೋ. ನನ್ನ ಮಂಚದ ಸುತ್ತ ನಿಂತವರು ನನ್ನ ಬಗ್ಗೆ ಮಾತಾಡ್ಕೊಂಡು, ತಮಗೆ ಬೇಕಾದಷ್ಟೇ ಚೂರು ನನಗೆ ಹಾಕೋದನ್ನ ನಾನು ಒಪ್ತೀನಾ? ಒಪ್ಪಲ್ಲ. ನನಗೆ ಒಪ್ಪಿಗೆಯಿಲ್ಲದ್ದನ್ನ ಆ ಮುದುಕಿಗೆ ಹೇಗೆ ಮಾಡ್ಲಿ? ಪ್ರೀತಿಯಿಂದ ಮಾಡಿದ್ರೂ ಅಷ್ಟೇ. ಪ್ರೀತಿ ಇದೆ ಅಂತ ಅವಳ ಕಾಲನ್ನ ಅವಳಿಗೆ ಹೇಳದೆ ತೆಗೆಯೋಕಾಗುತ್ತಾ?"

ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಏನು ಬರುತ್ತದೆಂದು ಗೊತ್ತಿತ್ತು.

ಪುಟ್ಟಿ

ಜುಲೈ ೩೦

ಪುಟ್ಟಿ,

ನಾವೆಲ್ಲ ಚೆನ್ನಾಗಿದ್ದೇವೆ.

ಅಪ್ಪ ಹನಿ ತಪ್ಪಿಸುವುದಿಲ್ಲ. ದೊಡ್ಡ ಕೆಲಸವೆಲ್ಲ "ಆಪರೇಷನ್ ಆಗ್ಲಿ, ಆಮೇಲೆ" ಎಂದು ಮುಂದೆ ಹಾಕುತ್ತಿದ್ದಾರೆ. ಚಿತ್ರಮಂದಿರದವರು ಮುಂಭಾಗದ ಬೋರ್ಡಿಗೆ ಬಂದಿದ್ದರು, ಅವರನ್ನೂ ಕಳಿಸಿದರು. ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿರುತ್ತಾರೆ. ಯಾಕಪ್ಪ ಎಂದರೆ, "ಕಣ್ಣಿಗೆ ರೆಸ್ಟ್ ಕೊಡ್ತಿದ್ದೀನಿ, ಉಳಿಸ್ಕೊಂಡ್ರೆ ಆಮೇಲೆ ಬರುತ್ತಲ್ಲ" ಎನ್ನುತ್ತಾರೆ.

ಸಣ್ಣ ಪುಟ್ಟ ಬೋರ್ಡು ಬರೆಯುತ್ತಾರೆ. ಸಾಲು ಓರೆಯಾಗುತ್ತಿದೆ. ಅವರು ಒಳಗೆ ಹೋದ ಮೇಲೆ ನಿನ್ನ ಅತ್ತಿಗೆ ಒರೆಸಿ ತಿದ್ದುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬ್ರಷ್ಷು ಮುಟ್ಟಿದ್ದಕ್ಕೆ ಅಪ್ಪ ಮನೆ ಸೂರು ಹಾರುವ ಹಾಗೆ ಕೂಗಿದ್ದರು, ನೆನಪಿದೆಯಾ? ಈಗ ಅವಳ ಕೈ ನೋಡಿದರೆ ಅಪ್ಪನದೋ ಅವಳದೋ ಎಂದು ಹೇಳಲು ಬರುವುದಿಲ್ಲ. ಔಷಧಿ ಅಂಗಡಿಯವರು ಬೋರ್ಡು ಒಯ್ದು ಬಹಳ ಹೊಗಳಿದರು. ಅಪ್ಪನ ಮುಖ ಅರಳಿತು. ನಾವಿಬ್ಬರೂ ಅವರ ಮುಖ ನೋಡಲಾರದೆ ಒಳಗೆ ಹೋದೆವು.

ಗಿಣಿಯ ವಿಚಾರಣೆ ಏನಾಯಿತು ಎಂದು ದಿನವೂ ಕೇಳುತ್ತಾರೆ. ಬೇಗ ಬರೆ.

ಅಣ್ಣ

ಆಗಸ್ಟ್ ೧೭

ಪ್ರೀತಿಯ ಅಣ್ಣ,

ವಿಚಾರಣೆ ಮುಗಿಯಿತು. ಕಂಡದ್ದನ್ನೆಲ್ಲ ಬರೆಯುತ್ತೇನೆ. ಇಂಥದ್ದನ್ನು ಮತ್ತೊಮ್ಮೆ ನೋಡುತ್ತೇನೋ ಇಲ್ಲವೋ.

ಆಡಳಿತಾಧಿಕಾರಿಯ ಕೋಣೆ. ಮೇಜಿನ ಆ ಕಡೆ ಅವರು, ಕಾಲು ತೆಗೆದ ಡಾಕ್ಟರು. ಈ ಕಡೆ ಅಜ್ಜಿಯ ಮಗ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಎದುರಿಗೆ ಮೇಷ್ಟ್ರು. ಸಾಕ್ಷಿಯೆಂದು ನಾನು. ಮಗನ ಮಾತು ಹೇಳುವುದಕ್ಕೆ ಬೇರೆ ಆಸ್ಪತ್ರೆಯಿಂದ ಒಬ್ಬ ದುಭಾಷಿಯನ್ನು ಕರೆಸಿದ್ದರು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ನಮ್ಮ ಭಾಷೆ ಆ ಮಗನಿಗೆ ಬರುತ್ತದೆ ನಿಜ, ಆದರೆ ಹೊಟ್ಟೆಯುರಿ ಹೇಳಿಕೊಳ್ಳಲು ಅರ್ಧಂಬರ್ಧ ಭಾಷೆ ಸಾಲುವುದಿಲ್ಲ. ಆ ದುಭಾಷಿಯನ್ನು ಅವನು ಮೇಲಿಂದ ಕೆಳಗೆ ನೋಡಿ ಬೇಡವೆಂದ. ಮೇಷ್ಟ್ರ ಕಡೆ ಕೈ ತೋರಿಸಿ, "ಇವನು ಹೇಳಲಿ. ಇವನು ಬಿಡಲ್ಲ, ಎಲ್ಲಾ ಹೇಳುತ್ತೆ" ಎಂದ.

ಆಡಳಿತಾಧಿಕಾರಿ ಕನ್ನಡಕ ತೆಗೆದರು. "ಅಲ್ರೀ, ನಿಮ್ಮ ಮೇಲಿನ ದೂರನ್ನ ನೀವೇ ಹೇಗೆ ಹೇಳ್ತೀರಾ?"

"ಅವರು ಒಪ್ಪಿದ್ದಾರೆ. ನೀವೂ ಒಪ್ಪಿದ್ರೆ ಹೇಳ್ತೀನಿ ಮೇಡಂ. ಈ ಹುಡುಗಿ ಪಕ್ಕದಲ್ಲಿ ಕೂತ್ಕೊಂಡು ತಪ್ಪಿದ್ರೆ ತಿದ್ಲಿ" ಎಂದರು ಮೇಷ್ಟ್ರು.

ಹೀಗೆ ಶುರುವಾಯಿತು. ಮಗ ತನ್ನ ಭಾಷೆಯಲ್ಲಿ ಬೈಯುತ್ತಾನೆ, ಮೇಷ್ಟ್ರು ಅದನ್ನು ನಮ್ಮ ಭಾಷೆಯಲ್ಲಿ ಬೈಯುತ್ತಾರೆ. ತಮ್ಮನ್ನೇ! "ಈ ಮುದುಕನಿಗೆ ಕರುಳೇ ಇಲ್ಲ. ನನ್ನ ತಾಯಿ ಮುಂದೆ ನನ್ನನ್ನ ಬೆತ್ತಲೆ ನಿಲ್ಲಿಸಿದ. ಇವನಿಗೆ ತಾಯಿ ಅನ್ನೋಳು ಇದ್ದಿದ್ರೆ ಗೊತ್ತಾಗ್ತಿತ್ತು." ದನಿ ಏರಬೇಕಾದಲ್ಲಿ ಏರಿಸಿ, ನಡುಗಬೇಕಾದಲ್ಲಿ ನಡುಗಿಸಿ. ಒಂದು ಕಡೆ ಮಗ ಒಂದು ಶಬ್ದ ಬಳಸಿದ. ಅದಕ್ಕೆ ಕಲ್ಲೆದೆಯವನು ಎಂದೂ ಹೇಳಬಹುದು, ಹೆಣ ಎಂದೂ ಹೇಳಬಹುದು. ತಿದ್ದಲು ಕೂತಿದ್ದ ನಾನು ಮನಸ್ಸಿನಲ್ಲೇ ಮೊದಲನೆಯದನ್ನು ಆರಿಸಿ ಆಗಿತ್ತು. ಮೇಷ್ಟ್ರು ಕ್ಷಣ ನಿಂತು, ಮಗನ ಮುಖ ನೋಡಿ, "ನೀನು ಹೆಣ" ಎಂದರು. ಆಮೇಲೆ ಸರಿಯೇ ಎಂದು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಹೌದೆಂದೆ. ಅದೇ ಸರಿಯಾದ ಶಬ್ದ.

ಆಡಳಿತಾಧಿಕಾರಿ ಒಳ್ಳೆಯವರು. ಮೇಜಿನ ಮೇಲೆ ಬಾಗಿ ತಗ್ಗಿದ ದನಿಯಲ್ಲಿ ಮೇಷ್ಟ್ರಿಗೆ, "ಬಾಯಿ ತಪ್ಪಿ ಬಂತು ಅಂತ ಒಂದು ಸಾಲು ಬರೆದುಕೊಡಿ, ಇಲ್ಲಿಗೇ ಮುಗಿಸ್ತೀನಿ" ಎಂದರು. ನಾನು ಉಸಿರು ಬಿಟ್ಟೆ. ಮೇಷ್ಟ್ರು ಏನು ಮಾಡಿದರು ಗೊತ್ತೇ? ಮಗನ ಕಡೆ ತಿರುಗಿ ಅವನ ಭಾಷೆಯಲ್ಲಿ ಅದನ್ನೂ ಹೇಳಿದರು! ಡಾಕ್ಟರು ಕೆಮ್ಮಿ ನಗು ಮುಚ್ಚಿಕೊಂಡರು. ಆಡಳಿತಾಧಿಕಾರಿ ಹಣೆ ಹಿಡಿದುಕೊಂಡರು. ಮಗ ಮಾತ್ರ ನಗಲಿಲ್ಲ. ಮೊದಲ ಸಲ ಮೇಷ್ಟ್ರನ್ನು ಸರಿಯಾಗಿ ನೋಡಿದ.

"ಬಾಯಿ ತಪ್ಪಲಿಲ್ಲ ಮೇಡಂ" ಎಂದರು ಮೇಷ್ಟ್ರು. "ಬೇಕಂತಲೇ ಹೇಳಿದೆ, ಮತ್ತೆ ಹೇಳಬೇಕಾಗಿ ಬಂದ್ರೂ ಹೇಳ್ತೀನಿ. ಆದ್ರೆ ತಪ್ಪು ಒಂದಿದೆ. ಕೋಣೆಯಲ್ಲಿ ಆಡಿದ್ದೆಲ್ಲ ದಾಟಿಸ್ತೀನಿ ಅಂತ ಈ ಮಗನಿಗೆ ಮೊದಲೇ ಹೇಳಿರಲಿಲ್ಲ. ನನಗೊಬ್ಬನಿಗೇ ಗೊತ್ತಿರೋ ನಿಯಮ ನಿಯಮ ಅಲ್ಲ, ಬೋನು. ಗೊತ್ತಿದ್ದಿದ್ರೆ ಇವರು ಆ ಮಾತು ಆಡ್ತಿರಲಿಲ್ಲ. ತಾಯಿಗೆ ವಿಷಯ ತಿಳೀತಿತ್ತು, ಇವರ ಮಾನವೂ ಉಳೀತಿತ್ತು." ಎದ್ದು ನಿಂತು ಮಗನಿಗೆ ಅವನ ಭಾಷೆಯಲ್ಲಿ ಅದನ್ನೇ ಹೇಳಿ, ಕ್ಷಮಿಸು ಎಂದರು.

ತೀರ್ಮಾನ ಇದು: ಮೇಷ್ಟ್ರಿಗೆ ಲಿಖಿತ ಎಚ್ಚರಿಕೆ, ಒಂದು ತಿಂಗಳು ವಾರ್ಡಿಗೆ ಹೋಗುವಂತಿಲ್ಲ. ಇನ್ನು ಮೇಲೆ ದುಭಾಷಿ ಕೋಣೆಗೆ ಕಾಲಿಟ್ಟ ಕೂಡಲೆ, ಇಲ್ಲಿ ಆಡುವ ಮಾತನ್ನೆಲ್ಲ ಎಲ್ಲರಿಗೂ ಹೇಳುತ್ತೇನೆ ಎಂದು ಎರಡೂ ಭಾಷೆಯಲ್ಲಿ ಹೇಳಬೇಕು. ಎಚ್ಚರಿಕೆಗೆ ಸಹಿ ಹಾಕುತ್ತ ಮೇಷ್ಟ್ರು, "ನ್ಯಾಯವಾಗಿದೆ" ಎಂದರು. ಹೊರಗೆ ಬಂದ ಮೇಲೆ ಮಗ ಅವರ ಪಕ್ಕದಲ್ಲೇ ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲಲ್ಲಿ ಮೇಷ್ಟ್ರು ಮುಗ್ಗರಿಸಿದಾಗ ಅವನು ತೋಳು ಹಿಡಿದ.

ಅಣ್ಣ, ಇಲ್ಲಿಂದ ಮುಂದೆ ನಿನಗೆ.

ಅಪ್ಪನಿಗೂ ನನಗೂ ನಡುವೆ ಈಗ ನೀನೇ ದುಭಾಷಿ. ನಾನು ಬರೆದದ್ದರಲ್ಲಿ ಆರಿಸಿ ಓದುತ್ತೀಯ. ಆರಿಸಲು ಅನುವಾಗುವಂತೆ ನಾನೂ ಬರೆಯುತ್ತೇನೆ. ಅಪ್ಪ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ ಎಂದು ನೀನು ಬರೆದ ದಿನದಿಂದ ನನಗೆ ನೆಮ್ಮದಿಯಿಲ್ಲ. ಉಳಿದಿರುವ ನೋಟವನ್ನು ಅವರು ಮುಚ್ಚಿಟ್ಟುಕೊಂಡು ಕೂತಿದ್ದಾರೆ, ಎಂದೂ ಬಾರದ ದಿನಕ್ಕಾಗಿ. ನಾಳೆ ನಿನ್ನ ಕಣ್ಣಿಗೆ ಹೀಗಾದರೆ ನಿನ್ನ ಮಕ್ಕಳು ನಿನಗೆ ಇದನ್ನೇ ಮಾಡಲಿ ಎನ್ನುತ್ತೀಯಾ?

ನಿನ್ನ ಬೆನ್ನ ಹಿಂದೆ ನಾನು ಏನೂ ಮಾಡುವುದಿಲ್ಲ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ರಜೆ ಸಿಕ್ಕಿ ಮನೆಗೆ ಬಂದ ದಿನ ಅಪ್ಪ ಕೇಳಿದರೆ ಇದ್ದದ್ದನ್ನು ಹೇಳುತ್ತೇನೆ. ಅಷ್ಟರೊಳಗೆ ನೀನೇ ಹೇಳಿದರೆ ಒಳ್ಳೆಯದು. ನಿನ್ನ ಬಾಯಿಂದಲೇ ಅವರು ಕೇಳಬೇಕು. ಬೈದರೂ ಸರಿ, ಬರೆ.

ಪುಟ್ಟಿ

ಸೆಪ್ಟೆಂಬರ್ ೧೮

ಅಣ್ಣ,

ನಿನ್ನ ಪತ್ರವಿಲ್ಲ. ಫೋನು ಮಾಡಿದರೆ ಅತ್ತಿಗೆ ಎತ್ತಿ, "ಈಗಷ್ಟೇ ಡ್ಯೂಟಿಗೆ ಹೋದ್ರು" ಎನ್ನುತ್ತಾರೆ. ಅವರ ದನಿಯ ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು.

ಮೇಷ್ಟ್ರು ವಾರ್ಡಿಗೆ ಮರಳಿದ್ದಾರೆ. ನನ್ನ ಮೇಲೆ ಕೋಪವಿದ್ದರೆ ಕೋಪವೆಂದೇ ಬರೆ.

ಪುಟ್ಟಿ

ಅಕ್ಟೋಬರ್ ೧೧

ಪುಟ್ಟಿ,

ಕೋಪವಿತ್ತು. ದೂರದಲ್ಲಿ ಕೂತು ನ್ಯಾಯ ಹೇಳುವುದು ಸುಲಭ, ಹನಿ ಹಾಕುವ ಕೈ ನನ್ನದು ಎಂದು ಬೈದುಕೊಂಡೆ. ನಿನ್ನ ಪತ್ರ ನನ್ನ ಖಾಕಿ ಅಂಗಿಯ ಜೇಬಿನಲ್ಲೇ ಬೆವರು ಕುಡಿದು ಮೆತ್ತಗಾಯಿತು. ಅಪ್ಪ ಕೇಳಿದಾಗಲೆಲ್ಲ ಬಂದಿಲ್ಲ ಎಂದೆ. ಒಂದು ಸುಳ್ಳಿಗೆ ಜೊತೆ ಬೇಕಲ್ಲ, ಅದಕ್ಕೆ ಇನ್ನೊಂದು.

ಹೋದ ಭಾನುವಾರ ತಡೆಯಲಾಗಲಿಲ್ಲ. ಬೆಳಗ್ಗೆ, ಬಣ್ಣದ ಡಬ್ಬಿಗಳ ಮುಂದೆ ಕೂತಿದ್ದರು. ವಿಚಾರಣೆಯ ಭಾಗ ಅಷ್ಟನ್ನೂ ಓದಿದೆ. "ಬಾಯಿ ತಪ್ಪಿ ಬಂತು ಅಂತ ಬರೆದುಕೊಡಿ" ಎಂದದ್ದನ್ನು ಗಿಣಿ ದಾಟಿಸಿದ ಕಡೆ ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಿಯಮ ಅಲ್ಲ ಬೋನು ಎಂಬುದನ್ನು ಇನ್ನೊಮ್ಮೆ ಓದಿಸಿದರು. "ಎಂಥ ಮನುಷ್ಯನೋ! ತನ್ನ ತಪ್ಪನ್ನೂ ಅದೇ ತಕ್ಕಡಿಯಲ್ಲಿ ತೂಗಿದ ನೋಡು" ಎಂದರು. ನಾನು ಹಾಳೆ ಮಡಿಸಿದೆ.

"ಮುಗೀತಾ?"

"ಮುಗೀತು."

"ಇನ್ನೂ ಒಂದು ಹಾಳೆ ಇದ್ದ ಹಾಗಿದೆ. ಸದ್ದು ಕೇಳ್ತಲ್ಲ."

ನಾನು ಅದನ್ನು ಜೇಬಿಗೆ ತುರುಕಲು ಹೋದೆ.

"ಓದೋ. ಗಿಣಿ ಓದಿದ ಹಾಗೆ ಓದು."

ಓದಲು ಆಗಲಿಲ್ಲ ಪುಟ್ಟಿ. ಹಾಳೆ ಕೆಳಗಿಟ್ಟು ಬಾಯಲ್ಲೇ ಹೇಳಿದೆ. ಡಾಕ್ಟರು ಏನಂದರು, ನಾನು ಏನಂದೆ, ಎಲ್ಲ. ಅಪ್ಪ ಅಳುತ್ತಾರೆ, ಇಲ್ಲ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

"ಯಾವಾಗಿಂದ ಗೊತ್ತಿತ್ತು ನಿನಗೆ?"

"ಆವತ್ತೇ. ಜೂನ್‌ನಲ್ಲಿ."

"ಪೊರೆ ಬಲೀಲಿ ಅಂತ ಕಣ್ಣು ಮುಚ್ಕೊಂಡು ಕೂತಿದ್ದೆನಲ್ಲೋ" ಎಂದರು. "ಅಷ್ಟೂ ಬೆಳಕು ಕೂತು ಕಳೆದೆನಲ್ಲೋ ಮಗನೇ."

ಬೈಗುಳವಾಗಿದ್ದರೆ ತಿನ್ನುತ್ತಿದ್ದೆ.

ಬಾಗಿಲಲ್ಲಿ ನಿಂತಿದ್ದ ನಿನ್ನ ಅತ್ತಿಗೆ ಮುಂದೆ ಬಂದು, "ಇನ್ನೊಂದು ವಿಷ್ಯ ಇದೆ ಮಾವ. ನಿಮ್ಮ ಬೋರ್ಡುಗಳನ್ನ ನಾನು ತಿದ್ದುತ್ತಾ ಇದ್ದೆ" ಎಂದಳು. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಔಷಧಿ ಅಂಗಡಿಯ ತನಕ ನಡೆದರು. ಅವಳು ಹಿಂದೆ, ನಾನು ಇನ್ನೂ ಹಿಂದೆ. ಸ್ಟೂಲು ಕೇಳಿ ಹತ್ತಿ ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಅಕ್ಷರಗಳ ಮೇಲೆ ಬೆರಳಾಡಿಸಿದರು. ಬೀದಿಯವರೆಲ್ಲ ನೋಡುತ್ತಿದ್ದರು.

"ಈ ಕೊಂಬು ನಿಂದಾ?"

"ಹೌದು ಮಾವ."

"ಯಾರು ಕಲಿಸಿದ್ದು?"

"ಯಾರೂ ಇಲ್ಲ. ನಿಮ್ಮದನ್ನೇ ನೋಡ್ಕೊಂಡು..."

ತುಂಬ ಹೊತ್ತು ನೋಡಿದರು. "ಕೊಂಬು ಚೆನ್ನಾಗಿದೆ. ತಲೆಕಟ್ಟು ಸೋತಿದೆ" ಎಂದು ಕೆಳಗಿಳಿದರು.

ಮರುದಿನ ತಾವೇ ಹೊರಟು ಕಣ್ಣಿನ ಡಾಕ್ಟರ ಹತ್ತಿರ ಹೋದರು. ನಾನು ಜೊತೆಗೆ ಹೋದೆ, ಆದರೆ ಈ ಸಲ ಹೊರಗೆ ಬೆಂಚಿನ ಮೇಲೆ ಕೂತವನು ನಾನು. ಬಾಗಿಲು ಮುಚ್ಚುವ ಮುಂಚೆ ಅವರ ದನಿ ಕೇಳಿಸಿತು: "ನನ್ನ ಕಣ್ಣಿನ ಮಾತು ನನಗೇ ಹೇಳಿ ಡಾಕ್ಟ್ರೇ." ಗಟ್ಟಿ ದನಿ. ಎಷ್ಟೋ ತಿಂಗಳಿಂದ ಆ ದನಿ ಕೇಳಿರಲಿಲ್ಲ.

ನನ್ನೊಡನೆ ಮಾತಿಲ್ಲ. ಅಜ್ಜಿಯ ಮಗನ ಸಂಕಟ ಈಗ ನನಗೆ ಗೊತ್ತು, ಅವನಿಗೆ ಸಿಕ್ಕಿದರೆ ಹೇಳು. ಆದರೂ ಒಂದು ಮಾತು ಬರೆಯದೆ ಇರಲಾರೆ. ಜೂನ್ ತಿಂಗಳಿಂದ ಅಪ್ಪ ಮಗುವಿನ ಹಾಗೆ ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಇದ್ದರು. ಆ ಬೆಳಗ್ಗೆ ಸ್ಟೂಲಿನ ಮೇಲೆ ನಿಂತವರು ನಮ್ಮ ಅಪ್ಪ.

ಅಣ್ಣ

ನವೆಂಬರ್ ೩

ಚಿರಂಜೀವಿ ಮಗಳಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಬೋರ್ಡಿನ ಬ್ರಷ್ಷಿನಲ್ಲಿ, ಒಂದು ಹಾಳೆಗೆ ಕೆಲವೇ ಸಾಲು. ಅದಕ್ಕೇ ಪಾರ್ಸೆಲ್ ಇಷ್ಟು ದಪ್ಪ.

ಕಣ್ಣು ಹೋಗುತ್ತದೆ. ಡಾಕ್ಟರು ನೆಟ್ಟಗೆ ಹೇಳಿದರು, ನಾನು ನೆಟ್ಟಗೆ ಕೇಳಿದೆ. ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ, ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು.

ಚಿತ್ರಮಂದಿರದವರಿಗೆ ಹೇಳಿಕಳಿಸಿದೆ. ನನ್ನ ಕಣ್ಣಿನ ಸ್ಥಿತಿ ಇದು, ಬರೆಯುವವಳು ನನ್ನ ಸೊಸೆ, ನಿಂತು ನೋಡುವವನು ನಾನು, ಒಪ್ಪಿಗೆಯಾದರೆ ಕೊಡಿ ಎಂದೆ. ಯೋಚಿಸಿ ಹೇಳುತ್ತೇವೆ ಎಂದು ಹೋದರು. ನಾಲ್ಕು ದಿನ ಬಿಟ್ಟು ಬಂದು ಒಪ್ಪಿದರು. ಅವಳು ದಿನವೂ ಏಣಿ ಹತ್ತುತ್ತಾಳೆ. ಇವತ್ತು ಒಂದು ಒತ್ತಕ್ಷರ ಮೂರು ಸಲ ಅಳಿಸಿದಳು. ನಾನು ಅಳಿಸು ಎಂದಾಗ ಮುಖ ಊದಿಸಿಕೊಳ್ಳುತ್ತಾಳೆ, ಚೆನ್ನಾಗಿದೆ ಎಂದಾಗ ನಂಬುತ್ತಾಳೆ. ಅಳಿಸು ಎಂದವನಲ್ಲವೇ ನಾನು, ಅದಕ್ಕೇ ನಂಬುತ್ತಾಳೆ.

ಅವಳ ಗೆರೆಯನ್ನು ಎಷ್ಟು ದಿನ ನೋಡಿ ತಿದ್ದಬಲ್ಲೆನೋ ಅಷ್ಟು ದಿನವೂ ತಿದ್ದುತ್ತೇನೆ. ನಡುವೆ ಒಂದು ವಾರ ಬಿಡುವು ಮಾಡಿಕೊಂಡು ನಿನ್ನ ಹತ್ತಿರ ಬರುತ್ತೇನೆ. ನಿನ್ನ ಮುಖ ಹತ್ತಿರದಿಂದ ನೋಡಬೇಕು. ಆ ಮೇಷ್ಟ್ರ ಮೂಗನ್ನೂ ನೋಡಬೇಕು. ಅವರಿಗೆ ಈಗಲೇ ಹೇಳಿಬಿಡು, ನೋಡುವುದಕ್ಕೇ ಬರುತ್ತಿದ್ದೇನೆ ಎಂದು. ಮೊದಲೇ ಹೇಳಬೇಕಲ್ಲ.

ನಿನ್ನ ಅಣ್ಣನೊಡನೆ ಇವತ್ತಿನವರೆಗೂ ಮಾತು ಬಿಟ್ಟಿದ್ದೆ. ಅವನು ಹನಿ ಹಾಕುತ್ತಾನೆ, ನಾನು ಕಣ್ಣು ಕೊಡುತ್ತೇನೆ, ಎದ್ದು ಹೋಗುತ್ತಾನೆ. ಕೆಟ್ಟವನಲ್ಲ ಅವನು. ಪ್ರೀತಿ ಮಾಡುವ ಭರದಲ್ಲಿ ನಾನೊಬ್ಬ ಇದ್ದೇನೆ ಎಂಬುದನ್ನು ಮರೆತ. ಈಗ ಈ ಪತ್ರವನ್ನು ಇಲ್ಲಿಯವರೆಗೆ ಬರೆದು ಅವನನ್ನು ಕರೆದೆ. "ಬಾರೋ, ಇದನ್ನ ನೋಡು. ಸಾಲು ನೆಟ್ಟಗಿದೆಯಾ?" ಎಂದೆ.

ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದ. ಮತ್ತೆ ಮೊದಲನೆಯದಕ್ಕೆ ಬಂದ. ಚೆನ್ನಾಗಿದೆ ಎಂದುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು, ಮಗಳೇ. ಕಣ್ಣು ಹೋಗುತ್ತದೆ ಎಂದಾಗಲೂ ಅಷ್ಟು ಹೆದರಿರಲಿಲ್ಲ.

"ಇಲ್ಲಪ್ಪ" ಎಂದ. "ಮೊದಲ ಹಾಳೇಲಿ ಮೂರನೇ ಸಾಲು ಎರಡನೇದರ ಮೇಲೆ ಹತ್ತಿದೆ. ಬರ್ತಾ ಬರ್ತಾ ಎಲ್ಲಾ ಇಳಿಜಾರು." ಒಂದನ್ನೂ ಬಿಡದೆ ಪೂರ್ತಿ ಹೇಳಿದ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೊನೆಯ ಹಾಳೆ ಬರೆಯುತ್ತಿದ್ದೇನೆ. ಕೈ ತಪ್ಪಿದಾಗ ಹೇಳುತ್ತಿದ್ದಾನೆ. ಮೊದಲಿನವನ್ನು ಮತ್ತೆ ಬರೆಯುವುದಿಲ್ಲ, ಇದ್ದ ಹಾಗೇ ಓದಿಕೋ.

ನಿನ್ನ ಅಪ್ಪ